ಕರಿ ಹರಿದ ಫಿಯಾಟು

ದಶರಥನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಮೊದಲು ಸಿಟ್ಟು ಬರುತ್ತಿತ್ತು, ಕಾರಣ ಅದರ ಬೆನ್ನ ಹಿಂದೆ ಏದುಸಿರು ಬಿಡುತ್ತ ಬಂದು ಮುಟ್ಟುತ್ತಿತ್ತು. ಎಂಟನೆಯ ಇಯತ್ತೆಯಲ್ಲಿ ಮಾಸ್ತರರು "ಮುಂದ ಏನಾಗ್ತಿ?" ಎಂದು ಕೇಳಿದಾಗ "ನಿಮ್ಮಂಗ ಅಂತೂ ಆಗೂದಿಲ್ಲ" ಎಂದು ಪಾಟಿಚೀಲ ಎತ್ತಿಕೊಂಡು ಬಂದವನು ಮತ್ತೆ ಸಾಲೆಯ ಕಡೆ ಮುಖ ಹಾಕಿರಲಿಲ್ಲ.

ಈಗ ಅವನು ಸೋದರಮಾವ ಜಗದೇವಪ್ಪನ ಬಿಳಿ ಫಿಯಾಟ್ ಓಡಿಸುತ್ತಿದ್ದ. ರೈಲಿನಿಂದ ಇಳಿದ ಯಾತ್ರಿಕರನ್ನು ಗಾಣಗಾಪುರಕ್ಕೆ ಮುಟ್ಟಿಸಬೇಕು, ದರ್ಶನ ಮುಗಿಸಿದವರನ್ನು ತಿರುಗಿ ಸ್ಟೇಶನ್ನಿಗೆ ತರಬೇಕು. ಜಗದೇವಪ್ಪ ತನ್ನ ಜೋಡಿ ಎತ್ತು ಮಾರಿ ಈ ಕಾರು ತಂದಿದ್ದ. ಅವರ ಊರು ನರೋಣಾದಲ್ಲಿ ಎತ್ತು ಮಾರಿ ಕಾರು ತಂದ ಮೊದಲ ಮನುಷ್ಯನೆಂಬ ಹೆಸರು ಅವನಿಗೆ ಬಂದಿತ್ತು. ಆದರೆ ಪ್ರತಿ ವರ್ಷ ಕಾರಹುಣ್ಣಿಮೆ ಬಂತೆಂದರೆ ಆ ಮನುಷ್ಯ ಯಾವುದೋ ನೆಪ ಮಾಡಿ ಪರಊರಿಗೆ ಹೋಗಿಬಿಡುತ್ತಿದ್ದ. ಊರೆಲ್ಲ ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವಾಗ ತಾನೊಬ್ಬನೇ ಬಕೀಟು ಹಿಡಿದು ಕಾರಿನ ಗಾಲಿ ತೊಳೆಯುವುದು ಅವನಿಂದ ಆಗುತ್ತಿರಲಿಲ್ಲ. ಈ ಸಲ ಅಫಜಲಪುರದ ಬೀಗರ ಮನೆಗೆ ಹೋಗಿದ್ದ. ಹೋಗುವಾಗ "ಗಾಡಿ ಜ್ವಾಕಿ ಲೇ" ಎಂದು ಹೇಳಿದ್ದ. ಗಾಡಿಗೆ ಏನೇನಾಗಬಾರದೋ ಅದೆಲ್ಲ ಆ ಮಾತಿನ ಮರುದಿನದಿಂದಲೇ ಶುರುವಾಯಿತು.

ದಶರಥ ಸೊಲ್ಲಾಪುರದ ಬಿಡಿಭಾಗದ ಅಂಗಡಿಯಲ್ಲಿ ಫ್ಯಾನ್ ಬೆಲ್ಟು ಕೊಳ್ಳುತ್ತಿದ್ದ. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ಒಬ್ಬ ತರುಣ, ಊರ ಹೊರಗೆ ಪಾಳುಬಿದ್ದ ವಿಮಾನದ ಪಟ್ಟಿಯಲ್ಲಿ ಇನ್ನು ಮೂರು ವಾರಕ್ಕೆ ಬರುವ ರವಿವಾರ ತಮ್ಮ ಮೋಟರ್ ಕ್ಲಬ್ಬಿನವರು ಓಟದ ದಿನ ಇಟ್ಟಿದ್ದಾರೆಂದು ಅಂಗಡಿಯವನಿಗೆ ಹೇಳುತ್ತಿದ್ದ. ಯಾರು ಬೇಕಾದರೂ ತಮ್ಮ ಕಾರನ್ನು ಓಟಕ್ಕೆ ತಯಾರು ಮಾಡಿಕೊಂಡು ಬರಬಹುದು, ಎಷ್ಟು ಜೋರು ಓಡುತ್ತದೋ ಓಡಿಸಬಹುದು, ಕೇಳುವವರಿಲ್ಲ.

"ಯಾರ ಬೇಕಾದ್ರೂ ಬರಬಹುದೇನ್ರಿ?" ಎಂದ ದಶರಥ.

ಕನ್ನಡಕದವನು ಹೊರಗೆ ನಿಂತ ಫಿಯಾಟನ್ನು ನೋಡಿದ. ಮೇಲೆ ಕ್ಯಾರಿಯರು, ಕಿಟಕಿಯಲ್ಲಿ ಒಣಗಲು ಹಾಕಿದ ಯಾರೋ ಯಾತ್ರಿಕರ ಪಂಜೆ.

"ಬರಬಹುದು. ಆದ್ರ ಅದು ಓಟದ ಗಾಡಿಗೋಳ ಜಾಗಾ. ನೀ ಮುದುಕೇರನ್ನ ದೇವರಿಗೆ ಮುಟ್ಟಸವ. ನಿನ್ನ ಗಾಡಿ ಅಲ್ಲಿ ಬಂದ್ರ ಗಂಟಿ ಬಾರಿಸಿ ಪ್ರಸಾದ ಹಂಚಬೇಕಾಗ್ತದ."

ಅಂಗಡಿಯವನು ನಕ್ಕ. ದಶರಥನ ಕಿವಿ ಬಿಸಿಯಾದವು.

"ನಂದೂ ತಯಾರಾಗಾಕತ್ತದ!" ಎಂದುಬಿಟ್ಟ. "ರವಿವಾರ ಬರ್ತೇನಿ. ಕನ್ನಡಕ ತೆಗದು ನೋಡ್ರಿ, ಇಲ್ಲಂದ್ರ ಹಾದು ಹೋಗಿದ್ದು ಕಾಣೂದಿಲ್ಲ."

ಹೀಗೆ ಒಂದು ಓಟದ ಗಾಡಿ ಹುಟ್ಟಿತು, ಸದ್ಯಕ್ಕೆ ಬಾಯಿಯಲ್ಲಿ ಮಾತ್ರ.

ಬಾಯಲ್ಲಿದ್ದದ್ದನ್ನು ಕಬ್ಬಿಣಕ್ಕೆ ಇಳಿಸಲು ದಶರಥ ಆಳಂದದ ಬಸ್ ಸ್ಟ್ಯಾಂಡಿನ ಹಿಂದಿದ್ದ ಹುಸೇನಸಾಬನ ಗ್ಯಾರೇಜಿಗೆ ಹೋದ. ಹುಸೇನಸಾಬ ಗಾಡಿಯ ಸುತ್ತ ಸುತ್ತಿ, ಮದುವೆಗೆ ಹೆಣ್ಣು ನೋಡಿದಂತೆ ನೋಡಿ, ತನ್ನ ಸಿದ್ಧಾಂತ ಹೇಳಿದ: "ಮಿಯಾ, ಓಟ ಅಂದ್ರ ಮತ್ತೇನಲ್ಲ, ಹಗುರ. ಬಿಚ್ಚಬೇಕು. ಬಿಚ್ಚಾಕ ನಾ ಮಜೂರಿ ಕೇಳಂಗಿಲ್ಲ. ಬಿಚ್ಚಿದ ಮಾಲು ನಂದು, ಅಷ್ಟೇ."

ಇಂಥ ಉದಾರಿ ದಶರಥನಿಗೆ ಹಿಂದೆ ಸಿಕ್ಕಿರಲಿಲ್ಲ. ಹಿಂದಿನ ಸೀಟು ಹೋಯಿತು, ಮುಂದಿನ ಎಡಗಡೆಯ ಸೀಟು ಹೋಯಿತು. ಕ್ಯಾರಿಯರು, ಬಂಪರು, ಕಿಟಕಿ ಗಾಜು ಹೋದವು. ಹಾರ್ನ್ ಕೂಡ ಹೋಯಿತು. "ಓಟದಾಗ ಮುಂದ ಇರೋರಿಗೆ ಹಾರ್ನ್ ಯಾಕ?" ಎಂದ ಹುಸೇನಸಾಬ. ಸೈಲೆನ್ಸರ್ ಕತ್ತರಿಸಿದ ಮೇಲೆ ಗಾಡಿ ಚಾಲು ಮಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ಮಂದಿ ಬಸ್ಸು ಬಂತೆಂದು ಗಂಟು ಹಿಡಿದು ಎದ್ದು ನಿಲ್ಲತೊಡಗಿದರು. ಇಂಜಿನ್ನಿನ ಹೆಡ್ಡು ಬಿಚ್ಚಿ ಲೇಥಿಗೆ ಕೊಟ್ಟು ಕೂದಲೆಳೆಯಷ್ಟು ತೆಗೆಸಿದ್ದೂ ಆಯಿತು.

"ಅದ್ರಿಂದ ಏನಾಗ್ತದ ಚಾಚಾ?"

"ಒಳಗ ಇಕ್ಕಟ್ಟಾಗ್ತದ. ಇಕ್ಕಟ್ಟಾದ್ರ ಪೆಟ್ರೋಲಿಗೆ ಸಿಟ್ಟು ಬರ್ತದ. ಸಿಟ್ಟು ಬಂದ್ರ ಗಾಡಿ ಓಡ್ತದ."

ಗಾಡಿಯ ಶಾಸ್ತ್ರದಲ್ಲಿ ಇದೊಂದು ಮಾತ್ರ ದಶರಥನಿಗೆ ಹೇಳಿದ ಕೂಡಲೇ ತಿಳಿಯಿತು.

ಸಿಟ್ಟು ಬಂದ ಗಾಡಿಗೆ ಕಾವೂ ಹೆಚ್ಚಾಯಿತು. ರೇಡಿಯೇಟರು ಎಲ್ಲಿಂದಲೋ ಹನಿಹನಿ ಸೋರತೊಡಗಿತು, ಅರ್ಧ ತಾಸು ಓಡಿದರೆ ಕುದಿಯುತ್ತಿತ್ತು. "ನೋಡೋಣು" ಎಂದ ಹುಸೇನಸಾಬ. ಅಷ್ಟರಲ್ಲಿ ಅವನು ಬಾನೆಟ್ಟನ್ನೂ ಯಾರಿಗೋ ಮಾರಿಬಿಟ್ಟಿದ್ದ. ಬಿಚ್ಚಿದ ಮಾಲು ಅವನದಲ್ಲವೇ? ದಶರಥ ಕೂಗಾಡಿದ ಮೇಲೆ ಗುಜರಿಯಿಂದ ಒಂದು ಕೆಂಪು ಬಾನೆಟ್ಟು ತಂದು ಕೂರಿಸಿದ. ಕೊಂಡಿ ಕೂಡಲಿಲ್ಲ, ಸುತಳಿಯಿಂದ ಕಟ್ಟಿದ. ಹೀಗೆ ಬಿಳಿ ಮೈಗೆ ಕೆಂಪು ಮೂತಿಯ ಗಾಡಿ ತಯಾರಾಯಿತು.

ಗುರುವಾರ ಸಂಜೆ ಅದನ್ನು ಪರೀಕ್ಷೆ ಮಾಡಲು ಇಬ್ಬರೂ ನರೋಣಾದ ಕಡೆ ಹೊರಟರು. ಹುಸೇನಸಾಬ ಸೀಟಿಲ್ಲದ ಜಾಗದಲ್ಲಿ ಎಣ್ಣೆ ಡಬ್ಬಿಯ ಮೇಲೆ ಕೂತ. ಊರ ಹೊರಗಿನ ನೇರ ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. "ಏನ್ ನಸೀಬು ನೋಡು!" ಎಂದು ದಶರಥ ಕಾಲೊತ್ತಿದ.

ಹದಿನೈದು ದಿನದಿಂದ ಗಾಡಿಯ ಅಡಿಯಲ್ಲೇ ಮಲಗಿದ್ದವನಿಗೆ ಅಂದು ಕಾರಹುಣ್ಣಿಮೆ ಎಂಬುದು ಮರೆತುಹೋಗಿತ್ತು. ರಸ್ತೆ ಖಾಲಿ ಇದ್ದದ್ದು ಊರೆಲ್ಲ ಊರಬಾಗಿಲಾದ ಅಗಸಿಯ ಮುಂದೆ ನೆರೆದಿತ್ತೆಂದು. ಅಗಸಿಗೆ ಅಡ್ಡವಾಗಿ ಬೇವಿನ ಎಲೆ-ತಪ್ಪಲಿನ ಹಗ್ಗ ಕಟ್ಟಿರುತ್ತಾರೆ. ಅದೇ ಕರಿ. ಶೃಂಗಾರ ಮಾಡಿದ ಎತ್ತುಗಳನ್ನು ಓಡಿಸುತ್ತಾರೆ, ಮೊದಲು ಬಂದು ಕರಿ ಹರಿದ ಎತ್ತಿನ ಬಣ್ಣ ಆ ವರ್ಷದ ಬೆಳೆ ಹೇಳುತ್ತದೆ. ಕೆಂದೆತ್ತು ಹರಿದರೆ ಮುಂಗಾರಿ ತೊಗರಿ ಚಲೋ, ಬಿಳಿ ಎತ್ತು ಹರಿದರೆ ಹಿಂಗಾರಿ ಜೋಳ ಚಲೋ. ಹವಾಮಾನದ ರೇಡಿಯೋ ಏನೇ ಹೇಳಲಿ, ಊರು ಬಿತ್ತುವುದು ಇದನ್ನು ನೋಡಿ.

ಎತ್ತುಗಳು ಹೊಲದ ದಾರಿಯಿಂದ ಧೂಳೆಬ್ಬಿಸುತ್ತ ಬರುತ್ತಿದ್ದವು. ದೌಲತರಾಯ ಪಾಟೀಲರ ಕೆಂದೆತ್ತು ಎಲ್ಲಕ್ಕಿಂತ ಮುಂದಿತ್ತು. ಇನ್ನೇನು ಹರಿಯಿತು ಎನ್ನುವಾಗ ಆಕಾಶ ಬಿರಿದಂಥ ಸದ್ದು ಕೇಳಿತು. ಎತ್ತುಗಳು ನಿಂತವು, ಯೋಚಿಸಿದವು, ಬಂದ ದಾರಿಗೇ ತಿರುಗಿ ಬಂದದ್ದಕ್ಕಿಂತ ಜೋರಾಗಿ ಓಡಿದವು. ಬ್ರೇಕು ಹಿಡಿಯಿತು, ಆದರೆ ತನಗೆ ಬೇಕಾದಾಗ. ಫಿಯಾಟು ಕರಿ ಹರಿದುಕೊಂಡು ಅಗಸಿ ದಾಟಿ ಕಟ್ಟೆಯ ಮುಂದೆ ನಿಂತಿತು, ಮೂತಿಯ ಮೇಲೆ ಬೇವಿನ ತಪ್ಪಲು ಹೊದ್ದುಕೊಂಡು.

ಊರೆಲ್ಲ ಕಟ್ಟೆಯ ಕಡೆ ಓಡಿ ಬಂತು. ಆಮೇಲೆ ಎಲ್ಲರೂ ಕೂಡಿಯೇ ಮಾತಾಡಿದರು.

"ಇಳೀಲೇ ಕೆಳಗ!" ಎಂದು ಪಾಟೀಲರು ಗರ್ಜಿಸಿದರು. "ವರ್ಷದ ಕರಿ ಕೆಡಿಸಿದೆಲ್ಲೋ! ಇವತ್ತಿನಿಂದ ಈ ಗಾಡಿ ಊರ ಸೀಮಿಯೊಳಗ ಬರಬಾರದು!"

ತಪ್ಪಾಯಿತು ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಎರಡು ಮಾತು ದಶರಥನ ಬಾಯಲ್ಲಿ ಹುಟ್ಟಿದವಲ್ಲ.

"ಏನ್ ಕೆಡಿಸ್ಯಾದ್ರಿ? ಮೊದಲ ಬಂತು, ಹರೀತು! ನಿಮ್ಮ ಎತ್ತು ಹಿಂದ ಬಿದ್ರ ನನ್ನ ಮ್ಯಾಲ ಯಾಕ ಸಿಟ್ಟು?"

"ಅದು ಎತ್ತೇನಲೇ? ಬಾಲ ಎಲ್ಲದ ಅದಕ್ಕ?"

"ದುಡಿತದೋ ಇಲ್ಲೋ? ನೀರು ಕುಡಿತದೋ ಇಲ್ಲೋ? ದಸರಾದ ಖಂಡೇಪೂಜಿ ದಿನ ನೀವೇ ಅದಕ್ಕ ಕುಂಕುಮ ಹಚ್ಚೀರೋ ಇಲ್ಲೋ? ನಮ್ಮ ಮಾವ ಜೋಡಿ ಎತ್ತು ಕೊಟ್ಟು ಇದನ್ನ ತಂದಾನ. ಎತ್ತಿನ ಬದಲಿ ಬಂದದ್ದು ಎತ್ತಲ್ಲದ ಮತ್ತೇನು?"

"ಬಿಲ್ಕುಲ್ ಎತ್ತೇರಿ ಪಾಟೀಲಸಾಬ್!" ಎಂದು ಹುಸೇನಸಾಬ ಡಬ್ಬಿಯ ಮೇಲಿಂದಲೇ ಸಾಕ್ಷಿ ನುಡಿದ. "ನಾ ಒಳಗೆಲ್ಲ ಕೈ ಹಾಕಿ ನೋಡೇನಿ."

ಕಟ್ಟೆಯ ಹಿರಿಯರು ತಲೆಗೆ ತಲೆ ಕೂಡಿಸಿ ಗುಸುಗುಟ್ಟಿದರು. ಕರಿ ಕೆಟ್ಟಿತೆಂದರೆ ವರ್ಷವೇ ಕೆಟ್ಟಂತೆ. ಎತ್ತು ಎಂದು ಒಪ್ಪಿದರೆ ಕರಿ ಉಳಿಯುತ್ತದೆ. ಪಾಟೀಲರು ಮೀಸೆ ತೀಡಿ ಕೇಳಿದರು: "ಎತ್ತೇ ಅಂತಿ?"

"ಎತ್ತೇ!"

"ಮಾತು ತಿರುಗಬಾರದು ನೋಡು."

"ದಶರಥ ಮಾತು ತಿರುಗೂದಿಲ್ರಿ!"

ಗಾಡಿಗೆ ರಿವರ್ಸ್ ಗೇರ್ ಇತ್ತು. ಡ್ರೈವರನಿಗೆ ಇರಲಿಲ್ಲ.

"ಹಂಗಾದ್ರ ಕೇಳು. ನಮ್ಮೂರಾಗ ಕರಿ ಹರಿದ ಎತ್ತಿಗೆ ಐದು ದಿನ ನೊಗ ಹಾಕಂಗಿಲ್ಲ, ಸೀಮಿ ದಾಟಸಂಗಿಲ್ಲ. ಕೊಟ್ಟಿಗ್ಯಾಗ ಕಟ್ಟಿ ಮೇಯಸಬೇಕು. ಕಟ್ಟು."

ದಶರಥ ಬೆರಳು ಮಡಿಚಿ ದಿನ ಎಣಿಸಿದ. ಓಟದ ದಿನ ರವಿವಾರ. ರವಿವಾರ ಹೋಗದಿದ್ದರೆ ಆ ಕಪ್ಪು ಕನ್ನಡಕದವನು ಜೀವಮಾನವಿಡೀ ನಗುತ್ತಾನೆ. ಹೋಗಬೇಕೆಂದರೆ ಇದು ಎತ್ತಲ್ಲ ಎನ್ನಬೇಕು. ಎತ್ತಲ್ಲ ಎಂದರೆ ಗಾಡಿಗೆ ಊರೇ ಇಲ್ಲ, ಮಾವನಿಗೆ ಗಾಡಿಯೇ ಇಲ್ಲ.

ಫಿಯಾಟನ್ನು ಹಲಗಿ ಬಾರಿಸುತ್ತ ಕೊಟ್ಟಿಗೆಗೆ ತಂದು ಮುಂದಿನ ಗಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದರು. ದೀಪಗಳಿಗೆ ಸುಣ್ಣ, ಕೆಮ್ಮಣ್ಣು ಬಳಿದರು. ಆಮೇಲೆ ಬಂತು ನಿಜವಾದ ತಕರಾರು: ಇದು ಕೆಂದೆತ್ತೋ, ಬಿಳಿ ಎತ್ತೋ?

"ಕರಿ ಹರಿದದ್ದು ಮೂತಿ. ಮೂತಿ ಕೆಂಪು. ತೊಗರಿ ಬಿತ್ತರಿ" ಎಂದಿತು ಅರ್ಧ ಊರು.

"ಮೂತಿ ಕರ್ರಗಿರೋ ಬಿಳಿ ಎತ್ತಿಗೆ ಯಾರಾರ ಕರಿ ಎತ್ತು ಅಂತಾರೇನು? ಎತ್ತಿನ ಬಣ್ಣ ಬೆನ್ನ ಮ್ಯಾಲ ಇರ್ತದ. ಜೋಳ" ಎಂದಿತು ಇನ್ನರ್ಧ.

ಎರಡು ಪಂಗಡಗಳಾದವು. ಗಂಡ ತೊಗರಿ ಎಂದರೆ ಹೆಂಡತಿ ಜೋಳ ಎಂದಳು, ಎರಡು ಮನೆಗಳಲ್ಲಿ ಅಂದು ರೊಟ್ಟಿ ಬಡಿಯಲಿಲ್ಲ.

ಶುಕ್ರವಾರ ಮುಂಜಾನೆ ಜಗದೇವಪ್ಪ ಬಸ್ಸಿನಿಂದ ಇಳಿದ. ಇಳಿದವನ ಕೊರಳಿಗೆ ಯಾರೋ ಮಾಲೆ ಹಾಕಿದರು. "ನಿಮ್ಮ ಎತ್ತು ಕರಿ ಹರೀತ್ರಿ!" ಎಂದರು. ಎತ್ತಿಲ್ಲದವನನ್ನು ಊರು ಗೇಲಿ ಮಾಡುತ್ತಿದೆ ಎಂದುಕೊಂಡು ಅವನು ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದ. ಕೊಟ್ಟಿಗೆಯಲ್ಲಿ ತನ್ನ ಕಾರು ನಿಂತಿತ್ತು. ಸೀಟಿಲ್ಲ, ಗಾಜಿಲ್ಲ, ಬಂಪರಿಲ್ಲ. ಮುಂದೆ ಮೇವಿಗೆ ಒಂದು ಹೊರೆ ಕಣಿಕೆ.

ದಶರಥ ಕೆನ್ನೆ ತಯಾರಿಟ್ಟುಕೊಂಡು ನಿಂತ. ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದ, ಕೆಂಪು ಮೂತಿಯ ಮೇಲೆ ಕೈ ಇಟ್ಟ, ತಪ್ಪಲು ಮುಟ್ಟಿ ನೋಡಿದ. ಕಣ್ಣು ಒರೆಸಿಕೊಂಡ.

"ಎಷ್ಟು ವರ್ಷ ಆತೋ ನಮ್ಮ ಮನಿ ಎತ್ತು ಕರಿ ಹರದು... ಸೀಟು ಎಲ್ಲಿ?"

"ಹಗುರಾಗ್ಲಿ ಅಂತ ತಗಸೇನಿ, ಮಾವ."

"ಚಲೋ ಮಾಡ್ದಿ. ಓಡೋ ಎತ್ತಿನ ಬೆನ್ನ ಮ್ಯಾಲ ಯಾರಾರ ಹೇರು ಹೇರ್ತಾರೇನು?"

ದಶರಥನಿಗೆ ಜೀವ ಬಂತು. "ಹಂಗಾದ್ರ ರವಿವಾರ ಸೊಲ್ಲಾಪುರಕ್ಕ ಒಯ್ಯಾಕತ್ತೇನಿ, ಅಲ್ಲಿ..."

"ಹುಚ್ಚಾ!" ಜಗದೇವಪ್ಪ ಗಾಡಿಗೂ ಅಳಿಯನಿಗೂ ನಡುವೆ ಬಂದು ನಿಂತ. "ಕರಿ ಹರಿದ ಎತ್ತಿಗೆ ನೊಗಾ? ಐದು ದಿನ ಮುಟ್ಟಿದ್ರ ಕೈ ಕಡೀತೇನಿ!" ಆ ಕ್ಷಣದಿಂದ ಅವನು ಮಲಗುವ ಹೊರಸು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬಿತ್ತು.

ಸಂಜೆ ಜಗದೇವಪ್ಪನ ಹೆಂಡತಿ, ಅತ್ತೆ ಗುರುಬಾಯಿ, ಎತ್ತಿಗೆ ಗೊಟ್ಟ ಹಾಕಲು ಬಂದಳು. ಓಡಿ ದಣಿದ ಎತ್ತಿಗೆ ಬಿದಿರಿನ ಕೊಳವೆಯಲ್ಲಿ ತತ್ತಿ, ಅರಿಷಿಣ ಕುಡಿಸುವುದು ರೂಢಿ. ಅರಿಷಿಣ ಅವಳು ತಂದಿದ್ದಳು. ತತ್ತಿ ಮುಟ್ಟದ ಮನೆಯಾದ್ದರಿಂದ ಅದನ್ನು ಹುಸೇನಸಾಬ ತಂದಿದ್ದ.

"ಬಾಯಿ ಎಲ್ಲದ ಇದಕ್ಕ?" ಎಂದಳು.

ಹುಸೇನಸಾಬ ರೇಡಿಯೇಟರಿನ ಮುಚ್ಚಳ ತೆಗೆದ. ಗುರುಬಾಯಿ ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಈ ಕಡೆ ಚಾಚಿ ಗೊಟ್ಟ ಹಿಡಿದಳು. ಅವನು ತತ್ತಿ ಒಡೆದು ಹಾಕುತ್ತ ಹೋದ.

"ಅತ್ತೀ! ನನ್ನ ಇಂಜಿನ್ನು!" ಎಂದು ದಶರಥ ಚೀರಿದ.

"ಸುಮ್ಮನಿರಲೇ! ಹದಿನೈದು ದಿನ ಅದರ ಸೀಟು ಸುಲದಿ, ಗಾಜು ಸುಲದಿ, ಒಂದು ದಿನ ಏನಾರ ತಿನ್ನಾಕ ಹಾಕೀದೇನು?" ಎಂದು ಗುರುಬಾಯಿ ಉಳಿದ ಅರಿಷಿಣವನ್ನೂ ಸುರಿದಳು. ಫಿಯಾಟು ಗುಟುಕ್ ಎಂದಿತು. "ನೋಡು, ಹೆಂಗ ಕುಡೀತು!"

ಶನಿವಾರ ಸರ್ಕಾರದ ಗ್ರಾಮಸೇವಕ ಬಂದ. ನರೋಣಾದಲ್ಲಿ ಯಾರೂ ಬೀಜ ಒಯ್ಯುತ್ತಿಲ್ಲ, ಮೋಟರೊಂದರ ಬಣ್ಣ ತೀರ್ಮಾನವಾಗಲೆಂದು ಕಾಯುತ್ತಿದ್ದಾರೆ ಎಂಬ ಸುದ್ದಿ ಆಳಂದಕ್ಕೆ ಮುಟ್ಟಿತ್ತು. ಕೊಟ್ಟಿಗೆಯ ಮುಂದೆ ನಿಂತು ಅವನು ಭಾಷಣ ಮಾಡಿದ: "ಇದು ಮೂಢನಂಬಿಕೆ! ಸರ್ಕಾರ ಇಂಜಿನ್ನಿನ ಮಾತು ಕೇಳಿ ಬೀಜ ಕೊಡಂಗಿಲ್ಲ!" ಭಾಷಣ ಮುಗಿದ ಮೇಲೆ ಪಾಟೀಲರನ್ನು ಗೋಡೆಯ ಮರೆಗೆ ಕರೆದು ಮೆಲ್ಲಗೆ ಕೇಳಿದ: "ಖರೇ ಹೇಳ್ರಿ, ಕೆಂಪೋ ಬಿಳಿಯೋ? ಜೇವರ್ಗಿಯಾಗ ನಮ್ಮ ಮಾವನವ್ರ ಹೊಲ ಅದ. ದಿನಾ ಕೇಳಾಕತ್ತಾರ."

ಪಾಟೀಲರಿಗೆ ಉತ್ತರ ಗೊತ್ತಿರಲಿಲ್ಲ. ಊರಿಗೇ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ತೊಗರಿಯವರೂ ಜೋಳದವರೂ ಅಂಗಿ ಹಿಡಿದು ಜಗ್ಗಾಡುತ್ತಿದ್ದರು. ಮೂಲೆಯಲ್ಲಿ ದಶರಥ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಿದ್ದ. ಬೆಳಗಾದರೆ ರವಿವಾರ.

"ನೀ ಯಾಕಲೇ ಹೆಣ ಕಾಯೋರಂಗ ಕುಂತಿ?" ಎಂದರು ಪಾಟೀಲರು.

ಹುಟ್ಟಿದಾಗಿನಿಂದ ಮೊದಲ ಸಲ ದಶರಥ ಸಿಟ್ಟಿಲ್ಲದೆ ನಿಜ ಹೇಳಿದ. "ನಾಳೆ ಸೊಲ್ಲಾಪುರದಾಗ ಗಾಡಿಗೋಳ ಓಟ ಅದರಿ. ಬರ್ತೇನಿ ಅಂತ ಮಾತು ಕೊಟ್ಟೇನಿ. ಅಲ್ಲೊಬ್ಬ ಕಪ್ಪು ಕನ್ನಡಕದವ, ನಮ್ಮ ಗಾಡಿ ನೋಡಿ, ಮುದುಕೇರನ್ನ ಹೇರೋದು ಅಂತ ನಕ್ಕಾನ್ರಿ."

ಹಿಡಿದ ಅಂಗಿಗಳನ್ನು ಕೈಗಳು ಬಿಟ್ಟವು.

"ಯಾರಿಗೆ ನಕ್ಕ?" ಪಾಟೀಲರು ಎದ್ದು ನಿಂತರು. "ಕರಿ ಹರಿದ ಎತ್ತಿಗೆ ನಕ್ಕನಾ? ನರೋಣಾದ ಎತ್ತಿಗೆ?"

ಎದುರಿನ ಕೊಟ್ಟಿಗೆಯ ಬಾಗಿಲಲ್ಲಿ ಜಗದೇವಪ್ಪನೂ ಹೊರಸಿನ ಮೇಲಿಂದ ಎದ್ದ.

ಆಗ ಪಾಟೀಲರಿಗೆ ಹಳೆಯ ಕಟ್ಟಳೆಯೊಂದು ನೆನಪಾಯಿತು. ಅಥವಾ ಹೊಸದೊಂದು ಹುಟ್ಟಿ ಹಳೆಯದರಂತೆ ಕಂಡಿತು. ಗೆದ್ದ ಎತ್ತು ಸೀಮೆ ದಾಟಬಾರದು ನಿಜ. ಆದರೆ ಬೇರೆ ಊರಿನ ಕರಿ ಹರಿಯಲು ಹೋಗುವುದಾದರೆ ದಾಟಬಹುದು. ಊರು ಜೊತೆಗಿರಬೇಕು, ಹಲಗಿ ಮುಂದಿರಬೇಕು. "ಅಲ್ಲೇ ಇನ್ನೊಮ್ಮೆ ಕರಿ ಕಟ್ಟೋಣು. ಕೆಂಪೋ ಬಿಳಿಯೋ, ಅದೂ ತಿಳೀತದ!"

ರವಿವಾರ ಆ ಪಾಳು ವಿಮಾನಪಟ್ಟಿಗೆ ಮೊದಲು ಒಂದು ಲಾರಿ ತುಂಬ ನರೋಣಾ ಬಂತು, ಹಲಗಿ ಬಡಿಯುತ್ತ. ಹಿಂದೆ ಸುಣ್ಣ ಕೆಮ್ಮಣ್ಣಿನ ಕಣ್ಣಿನ ಫಿಯಾಟು ಬಂತು, ಇಂಜಿನ್ನಿಗಿಂತ ಕೊರಳ ಗಂಟೆಯ ಸದ್ದು ಮುಂದೆ ಮಾಡಿಕೊಂಡು. ಬಿಳಿ ಟೊಪ್ಪಿಗೆಯ ಕ್ಲಬ್ಬಿನ ಸೆಕ್ರೆಟರಿ ಗಾಬರಿಯಾಗಿ ಓಡಿ ಬಂದ.

"ಇಲ್ಲಿ ಪಂದ್ಯ ಇಲ್ರಿ ಯಜಮಾನ್ರ. ಒಬ್ಬೊಬ್ಬರೇ ತಮ್ಮ ತಮ್ಮ ಗಾಡಿ ಓಡಸ್ತಾರ. ಯಾರೂ ಗೆಲ್ಲಂಗಿಲ್ಲ."

"ಯಾರೂ ಗೆಲ್ಲಂಗಿಲ್ಲ?" ಪಾಟೀಲರು ನಂಬಲಿಲ್ಲ. "ಮತ್ತ ಓಡೋದು ಯಾಕ?"

ಸೆಕ್ರೆಟರಿ ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ನಾಲ್ಕು ಮಂದಿ ಪಟ್ಟಿಯ ಕೊನೆಯಲ್ಲಿ ಬಡಿಗೆ ನೆಟ್ಟು ಬೇವಿನ ತಪ್ಪಲು ಕಟ್ಟಿಯೂ ಆಗಿತ್ತು.

ಮಳೆ ಬಾರದ ಜೂನಿನ ಬಿಸಿಲು. ಒಂದೊಂದೇ ಗಾಡಿ ಪಟ್ಟಿಯ ನಡುವಿನವರೆಗೆ ಹೋಗಿ ಸುತ್ತು ಹೊಡೆಯುತ್ತಿತ್ತು, ಎರಡು ಮೂರು ಸುತ್ತಿಗೆ ಮೂಗಿನಿಂದ ಹಬೆ ಬಿಟ್ಟು ನಿಲ್ಲುತ್ತಿತ್ತು. ಕಪ್ಪು ಕನ್ನಡಕದವನ ನೀಲಿ ಕಾರು ಎಲ್ಲಕ್ಕಿಂತ ಜೋರಾಗಿ ಓಡಿತು, ಎಲ್ಲಕ್ಕಿಂತ ಜೋರಾಗಿ ಕುದಿಯಿತು. ಅವನು ಬಾನೆಟ್ಟು ಎತ್ತಿ ಕೈ ಸುಟ್ಟುಕೊಂಡು ಕುಣಿಯುತ್ತಿದ್ದ.

ದಶರಥನ ಪಾಳಿ ಬಂತು. ಗುರುಬಾಯಿ ಗಾಲಿಗೆ ನೀರು ಹಾಕಿ ದೃಷ್ಟಿ ತೆಗೆದಳು. ಅವನು ಕಾಲೊತ್ತಿದ. ಸುತ್ತಿನ ಮೇಲೆ ಸುತ್ತು ಹೊಡೆದ. ಫಿಯಾಟು ಗರ್ಜಿಸಿತು, ನಡುಗಿತು, ಓಡಿತು, ಕುದಿಯಲಿಲ್ಲ. ಸೋರುತ್ತಿದ್ದ ತೂತಿಗೆಲ್ಲ ತತ್ತಿ ಅರಿಷಿಣ ಬೆಂದು ಮೆತ್ತಿಕೊಂಡಿತ್ತು. ಕೊನೆಗೆ ಗಾಡಿಯನ್ನು ನೇರ ಕರಿಯ ಕಡೆಗೆ ಬಿಟ್ಟ.

"ಕೆಂಪು! ಕೆಂಪು!" ಎಂದು ತೊಗರಿಯವರು ಕೂಗಿದರು. "ಬಿಳೀ!" ಎಂದು ಜೋಳದವರು.

ಕರಿ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಹುಸೇನಸಾಬನ ಸುತಳಿ ಹರಿಯಿತು. ಕೆಂಪು ಬಾನೆಟ್ಟು ಎದ್ದು ನಿಂತು, ಗಾಳಿ ಹಿಡಿದು, ಗಾಡಿಯ ತಲೆಯ ಮೇಲಿಂದ ಹಾರಿ, ಕಪ್ಪು ಕನ್ನಡಕದವನ ಕಾಲ ಬಳಿ ಬಂದು ಬಿತ್ತು. ಬಾನೆಟ್ಟಿಲ್ಲದ, ಅಡಿಯಿಂದ ಮುಡಿಯವರೆಗೆ ಬಿಳಿಯಾದ ಫಿಯಾಟು ತಪ್ಪಲು ಚದುರಿಸಿಕೊಂಡು ಕರಿ ಹರಿಯಿತು.

"ಜೋಳ!" ಎಂದರು ಪಾಟೀಲರು.

ತೊಗರಿಯವರೂ ಚಪ್ಪಾಳೆ ತಟ್ಟಿದರು. ತೀರ್ಮಾನವಾದ ಮೇಲೆ ಯಾವುದಾದರೇನು?

ಕಪ್ಪು ಕನ್ನಡಕದವನು ಕನ್ನಡಕ ತೆಗೆದು, ಬಾನೆಟ್ಟು ಎತ್ತಿಕೊಂಡು ದಶರಥನ ಹತ್ತಿರ ಬಂದ. "ಅಲ್ಲಪ್ಪಾ, ಇಂಥಾ ಬಿಸಿಲಾಗ ನಿನ್ನ ಗಾಡಿ ಹೆಂಗ ಕುದೀಲಿಲ್ಲ? ರೇಡಿಯೇಟರಿಗೆ ಏನ್ ಹಾಕೀದಿ?"

ದಶರಥ ಈ ಗಳಿಗೆಗಾಗಿ ಎಂಥೆಂಥ ಮಾತು ಕೂಡಿಟ್ಟಿದ್ದನೋ. ಅವನ್ನೆಲ್ಲ ಬಿಟ್ಟು "ನಮ್ಮ ಅತ್ತೀಗೆ ಕೇಳ್ರಿ" ಎಂದ. ಕನ್ನಡಕದವನು ಕೈಮುಗಿದು ಗುರುಬಾಯಿಯ ಮುಂದೆ ನಿಂತ. ಅವಳು ಅವನ ನೀಲಿ ಕಾರನ್ನು ನೋಡಿ "ಬಾಯಿ ಎಲ್ಲದ ಇದಕ್ಕ?" ಎಂದಳು.

ಎಲ್ಲ ಮುಗಿದು ಹೊರಡುವ ಹೊತ್ತಿಗೆ ದಶರಥ ಗಾಡಿ ಹತ್ತಲು ಹೋದ. ಜಗದೇವಪ್ಪ ಅಡ್ಡ ಬಂದ.

"ಎಲ್ಲಿಗೆ?"

"ಊರಿಗಿ, ಮಾವ."

"ಇಲ್ಲಿ ಕರಿ ಹರಿದದ ಇಲ್ಲೋ? ಇಲ್ಲೀ ಸೀಮಿ ದಾಟಸಂಗಿಲ್ಲ. ಐದು ದಿನ." ಅವನು ಲಾರಿಯಿಂದ ಹೊರಸನ್ನೂ ಕಣಿಕೆಯ ಹೊರೆಯನ್ನೂ ಇಳಿಸಿಯಾಗಿತ್ತು. "ನೀ ಹೋಗು. ನಾ ಇಲ್ಲೇ ಇರ್ತೇನಿ."

ದಶರಥ ಪಾಟೀಲರ ಕಡೆ ನೋಡಿದ. ಪಾಟೀಲರು ಆಕಾಶ ನೋಡಿದರು. ಲಾರಿಯಲ್ಲಿ, ಗುರುಬಾಯಿಯ ಗೊಟ್ಟಕ್ಕೆಂದು, ಕನ್ನಡಕದವನ ಕುದ್ದ ಕಾರನ್ನು ಏರಿಸಿದ್ದರಿಂದ ದಶರಥನಿಗೆ ಅಲ್ಲಿ ಜಾಗವೂ ಉಳಿದಿರಲಿಲ್ಲ.

ಆಳಂದದ ಬಸ್ಸಿನಲ್ಲಿ ಅವನು ಕೆಂಪು ಬಾನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರು ಬಂದು ಅದಕ್ಕೆ ಪೆನ್ಸಿಲಿನಿಂದ ಬಡಿದ.

"ಏನಿದು? ಇದಕ್ಕ ಲಗೇಜ್ ಆಗ್ತದ. ಗಾಡಿ ಎಲ್ಲದ ಇದರದು?"

ದಶರಥನ ಮೂಗಿನ ತುದಿಗೆ ಸಿಟ್ಟು ಬಂತು. ಬಂದು, ಹಿಂದೆ ತಿರುಗಿ ನೋಡಿತು. ಕಾರಣ ಬರಲಿಲ್ಲ.

"ಸೊಲ್ಲಾಪುರದಾಗ ಕಟ್ಟೇವ್ರಿ" ಎಂದ. "ಕರಿ ಹರೀತು. ಐದು ದಿನ ಹೂಡಂಗಿಲ್ಲ."

ಕಂಡಕ್ಟರು ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿದ. ಅವನು ಕರಜಗಿಯ ಒಕ್ಕಲಮನೆಯವನು.

"ಹೌದಾ? ಯಾವ ಬಣ್ಣ?"

"ಬಿಳಿ."

"ಏ ಡ್ರೈವರಣ್ಣಾ!" ಎಂದು ಕಂಡಕ್ಟರು ಮುಂದಕ್ಕೆ ಕೂಗಿದ. "ಹಿಂಗಾರಿಯಂತಪಾ! ನಿಮ್ಮ ಮನ್ಯಾಗ ಬೀಜಕ್ಕ ಜೋಳ ಇಡಾಕ ಹೇಳು!"

ಲಗೇಜಿನ ಚೀಟಿ ಹರಿಯದೆಯೇ ಸೀಟಿ ಊದಿದ.